ಕಾಮ ಎಂಬ ಪದ ಮತ್ತು ಮೈಸೂರಿನ ದೊಡ್ಡಸ್ವಾಮಿ ಅಬ್ಬೆ ದುಬುವಾ

ಮೈಸೂರು ಸೀಮೆಯ ಕಥೋಲಿಕ ಕ್ರೈಸ್ತರ ಇತಿಹಾಸದಲ್ಲಿ ದೊಡ್ಡಸ್ವಾಮಿ ಎಂದೇ ಹೆಸರಾದವರು ಫ್ರೆಂಚ್ ಧರ್ಮಗುರು ಅಬ್ಬೆ ದುಬುವಾ. ದುಬಾಯ್ ಎಂದೂ ಇವರ ಹೆಸರನ್ನು ಬರೆಯುವುದುಂಟು. ಹಿಂದೂಗಳ ಆಚಾರ, ಪದ್ಧತಿ, ಆಚರಣೆಗಳನ್ನು ಕುರಿತ ಇವರ ಗ್ರಂಥವನ್ನು ಇಂದಿಗೂ ಜನ ಓದುತ್ತಾರೆ, ಇಂದಿಗೂ ಅದರ ಮೇಲೆ ಸಿಟ್ಟಾಗುತ್ತಾರೆ. ಆ ಸಿಟ್ಟಿಗೆ ಇರುವ ಕಾರಣಗಳಲ್ಲಿ ಒಂದು ಕಾಮದ ವಿಷಯ. ಒಬ್ಬ ಕಥೋಲಿಕ ಗುರು ನೆರೆಯವರ ಧರ್ಮದಲ್ಲಿ ಕಾಮವನ್ನು ಎಲ್ಲಿ ಕಂಡರು, ಎಲ್ಲಿ ಕಾಣಲಿಲ್ಲ ಎಂಬುದನ್ನು ನೋಡುವುದು ನಮಗೂ ಅಗತ್ಯ. ಏಕೆಂದರೆ ಅದೇ ಪದವನ್ನು ನಾವು ಧರ್ಮೋಪದೇಶ ತರಗತಿಗಳಲ್ಲಿ, ಪಾಪನಿವೇದನೆಯ ತಯಾರಿಯಲ್ಲಿ ದಿನವೂ ಬಳಸುತ್ತೇವೆ.

ದುಬುವಾ ಹುಟ್ಟಿದ್ದು 1760ರ ದಶಕದ ಮಧ್ಯಭಾಗದಲ್ಲಿ, ದಕ್ಷಿಣ ಫ್ರಾನ್ಸಿನ ಆರ್ದೆಷ್ ಸೀಮೆಯ ಸಾಂ-ರಮೇಜ್ ಎಂಬ ಊರಿನಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. ಫ್ರಾನ್ಸಿನಲ್ಲಿ ಕ್ರಾಂತಿ ಧರ್ಮಗುರುಗಳ ಮೇಲೆ ತಿರುಗಿದ್ದ ಕಾಲವದು. ಮೊದಲ ವರ್ಷಗಳನ್ನು ತಮಿಳು ನಾಡಿನಲ್ಲಿ ಕಳೆದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು.

ಇಲ್ಲಿ ಕರಾವಳಿಯ ನಮ್ಮ ಕಥೆಯೂ ಸೇರಿಕೊಳ್ಳುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ ಒಯ್ದದ್ದು, ಬದುಕುಳಿದವರು 1799ರಲ್ಲಿ ಬಿಡುಗಡೆಯಾದದ್ದು ನಮ್ಮ ಓದುಗರಿಗೆ ಹೇಳಬೇಕಾದ ಸಂಗತಿಯಲ್ಲ. ಕೆಲವರು ಊರಿಗೆ ಮರಳಿದರು, ಕೆಲವರು ಅಲ್ಲೇ ಉಳಿದರು. ಬಲವಂತದಿಂದ ಮತಾಂತರಗೊಂಡಿದ್ದ ಎಷ್ಟೋ ಜನರನ್ನು ಸಭೆಗೆ ಮರಳಿ ಸೇರಿಸಿಕೊಂಡವರು ದುಬುವಾ. ಆದರೆ ಬರೆಯುವಾಗ ಅವರು ನಮ್ಮ ಹಿರಿಯರ ಬಗ್ಗೆ ಮೃದುವಾಗಿರಲಿಲ್ಲ. ಅರವತ್ತು ಸಾವಿರ ಜನರಲ್ಲಿ ಒಬ್ಬರೂ ವಿಶ್ವಾಸಕ್ಕಾಗಿ ಸಾಯುವ ಧೈರ್ಯ ತೋರಲಿಲ್ಲವೆಂದು ದೂರಿದ್ದಾರೆ. ಹದಿನೈದು ವರ್ಷ ಸೆರೆಯಲ್ಲಿದ್ದವರ ಕುರಿತು ಹೀಗೆ ಬರೆಯಬಹುದಿತ್ತೇ ಎಂದು ನಮಗೆ ಅನಿಸುತ್ತದೆ. ಈ ಮನುಷ್ಯನ ಲೇಖನಿ ಹತ್ತಿರದವರ ಮೇಲೂ ಹರಿತವಾಗಿಯೇ ಹರಿಯುತ್ತಿತ್ತು. ಮುಂದಿನದನ್ನು ಓದುವಾಗ ಇದನ್ನು ನೆನಪಿಡಬೇಕು.

ಬದುಕಿದ ರೀತಿ ಮಾತ್ರ ಬೇರೆ. ಗಡ್ಡ ಬಿಟ್ಟು, ರುಮಾಲು ಸುತ್ತಿ, ಈ ದೇಶದವರ ಉಡುಪಿನಲ್ಲಿ ಈ ದೇಶದ ಊಟ ಮಾಡಿ ಬಾಳಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ನಿರ್ಗತಿಕ ಕ್ರೈಸ್ತರಿಗಾಗಿ ಕೃಷಿ ನೆಲೆಯೊಂದನ್ನು ಕಟ್ಟಿದರು. ಸಿಡುಬಿನ ಲಸಿಕೆ ಈ ದೇಶಕ್ಕೆ ಹೊಸದಾಗಿದ್ದಾಗ, 1803-04ರಲ್ಲಿ, 25,000ಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದರು. ಜನ ದೊಡ್ಡಸ್ವಾಮಿ ಎಂದು ಕರೆದದ್ದು ಇದಕ್ಕಾಗಿ, ಗ್ರಂಥಕ್ಕಾಗಿ ಅಲ್ಲ.

ಇನ್ನು ಗ್ರಂಥದ ಮಾತು. ಅದರ ಹಸ್ತಪ್ರತಿ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಮೂಲಕ ಮದರಾಸು ಸರಕಾರವನ್ನು ತಲುಪಿತು. ಕಂಪೆನಿ ಅದನ್ನು 2,000 ಪಗೋಡಗಳಿಗೆ ಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು, 1825ರಲ್ಲಿ ಫ್ರೆಂಚ್ ಆವೃತ್ತಿ ಬಂತು. ದೇವಸ್ಥಾನಗಳನ್ನು ಕುರಿತ ಅಧ್ಯಾಯಗಳಲ್ಲಿ ದುಬುವಾ ಎಲ್ಲೆಲ್ಲೂ ಕಾಮವಿಕಾರವನ್ನೇ ಕಂಡಿದ್ದಾರೆ. ಶಿಲ್ಪಗಳಲ್ಲಿ, ಜಾತ್ರೆಗಳಲ್ಲಿ, ದೇವದಾಸಿಯರಲ್ಲಿ. ಮೈಸೂರಿನ ದಕ್ಷಿಣಕ್ಕೆ, ಇಂದು ತಾಂಡ್ಯದ ಕೈಗಾರಿಕಾ ಪ್ರದೇಶವಿರುವ ಸೀಮೆಯಲ್ಲೇ ಇರುವ ನಂಜನಗೂಡು ದೇವಸ್ಥಾನವೂ ಅಲ್ಲಿ ಬರುತ್ತದೆ. ಮಕ್ಕಳಿಲ್ಲದ ಹೆಂಗಸರು ಅಲ್ಲಿಗೆ ಹರಕೆ ಹೊತ್ತು ಬರುವುದನ್ನು ಹೇಳಿ, ಹರಕೆಯ ಕ್ರಮವನ್ನು ತೀರ ಅಸಹ್ಯದಿಂದ ಬಣ್ಣಿಸಿದ್ದಾರೆ. ಅದರ ಹಿಂದುಮುಂದಿನ ಪುಟಗಳಲ್ಲಿ ಬೇರೆ ಗುಡಿಗಳಲ್ಲಿ ನಡೆಯುತ್ತದೆನ್ನಲಾದ ವ್ಯಭಿಚಾರದ ಕಥೆಗಳಿವೆ.

ಮಗು ಬೇಕೆಂದು ಕಪಿಲಾ ನದಿಯಲ್ಲಿ ಮಿಂದು ಬರುವ ಹೆಣ್ಣಿನ ಹಂಬಲ ಕಾಮವೇ? ಕನ್ನಡದಲ್ಲಿ ಕೇಳಿದರೆ ಹೌದು ಎಂದೇ ಹೇಳಬೇಕಾಗುತ್ತದೆ, ಆದರೆ ದುಬುವಾ ತಿಳಿದ ಅರ್ಥದಲ್ಲಿ ಅಲ್ಲ. ರಾಮಾಯಣದಲ್ಲಿ ದಶರಥ ಮಾಡಿಸಿದ ಯಜ್ಞದ ಹೆಸರೇ ಪುತ್ರಕಾಮೇಷ್ಟಿ. ಅಲ್ಲಿ ಕಾಮವೆಂದರೆ ಬಯಕೆ, ಅಷ್ಟೆ. ಫಲವನ್ನು ಬಯಸಿ ಮಾಡುವ ವ್ರತಕ್ಕೆ ಕಾಮ್ಯ ಎಂದು ಹೆಸರು. ನಾವು ಹಬ್ಬಕ್ಕೆ ಕಳುಹಿಸುವುದು ಶುಭಕಾಮನೆ. ಧರ್ಮೋಪದೇಶ ತರಗತಿಯ ಮಕ್ಕಳು ನೋವನ ನಾವೆಯ ಚಿತ್ರದ ಮೇಲೆ ಬಣ್ಣ ಹಚ್ಚುವುದು ಕಾಮನಬಿಲ್ಲಿಗೆ, ಅದನ್ನು ಯಾವ ಗುರುಗಳೂ ತಿದ್ದಿದ್ದಿಲ್ಲ. (ಕೊಂಕಣಿಯಲ್ಲಿ ಕಾಮ್ ಎಂದರೆ ಕೆಲಸ. ಅದರ ಮೂಲ ಬೇರೆ, ಗೊಂದಲ ಬೇಡ.) ಹಿಂದೂ ಚಿಂತನೆಯಲ್ಲಿ ಈ ಪದ ಎರಡು ಪಟ್ಟಿಗಳಲ್ಲಿ ಇದೆ. ಧರ್ಮ, ಅರ್ಥ, ಕಾಮ, ಮೋಕ್ಷ ಎಂಬ ನಾಲ್ಕು ಪುರುಷಾರ್ಥಗಳಲ್ಲಿ ಅದು ಮನುಷ್ಯ ಸಾಧಿಸಬೇಕಾದ ಗುರಿ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂಬ ಅರಿಷಡ್ವರ್ಗದಲ್ಲಿ ಅದು ಮೊದಲನೆಯ ಶತ್ರು. ಎಲ್ಲಿ ಗುರಿ, ಎಲ್ಲಿ ಶತ್ರು ಎಂಬ ವಿವೇಚನೆಯನ್ನು ಶಾಸ್ತ್ರಕಾರರು ಧರ್ಮದ ಕೈಗೆ ಕೊಟ್ಟರು. ದುಬುವಾ ಸೆಮಿನರಿಯಿಂದ ತಂದದ್ದು ಲುಕ್ಸೂರಿಯಾ ಎಂಬ ಲತೀನ್ ಪದ, ಏಳು ಮೂಲ ಪಾಪಗಳಲ್ಲಿ ಒಂದು. ಆ ಪದಕ್ಕೆ ಒಂದೇ ಪಟ್ಟಿ.

ಹಾಗೆಂದು ನಮ್ಮ ಸಂಪ್ರದಾಯದಲ್ಲಿ ಎರಡನೆಯ ಅರ್ಥ ಇರಲೇ ಇಲ್ಲ ಎನ್ನುವಂತಿಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ, ಪರಸ್ತ್ರೀಯನ್ನು ಕೆಟ್ಟ ಆಸೆಯಿಂದ ನೋಡುವುದನ್ನು ಪ್ರಭು ಖಂಡಿಸುವಾಗ ಮತ್ತಾಯನ ಐದನೆಯ ಅಧ್ಯಾಯದಲ್ಲಿ ಬರುವ ಕ್ರಿಯಾಪದವೇ, ಕಡೆಯ ಭೋಜನವನ್ನು ಶಿಷ್ಯರೊಡನೆ ಉಣ್ಣಲು ತಾವು ಹಂಬಲಿಸಿದ್ದನ್ನು ಪ್ರಭು ಹೇಳುವಾಗ ಲೂಕನ ಇಪ್ಪತ್ತೆರಡನೆಯ ಅಧ್ಯಾಯದಲ್ಲಿಯೂ ಬರುತ್ತದೆ. ದೀಕ್ಷಾಸ್ನಾನದ ನಂತರವೂ ಮನುಷ್ಯನಲ್ಲಿ ಉಳಿಯುವ ಆಸೆಯ ಸೆಳೆತ ತನ್ನಷ್ಟಕ್ಕೆ ಪಾಪವಲ್ಲ ಎಂದು ಟ್ರೆಂಟ್ ಮಹಾಸಭೆ 1546ರಲ್ಲೇ ಬೋಧಿಸಿತ್ತು. ಪೋಪ್ 16ನೇ ಬೆನೆಡಿಕ್ಟರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ ಗಂಡುಹೆಣ್ಣಿನ ಒಲವನ್ನೂ ಆತ್ಮಾರ್ಪಣೆಯ ಪ್ರೀತಿಯನ್ನೂ ಪೂರ್ತಿ ಬೇರ್ಪಡಿಸಲಾಗದು ಎಂದರು. ಪದಗಳೂ ದೇಶಕ್ಕೆ ತಕ್ಕಂತೆ ಹೊರಳುತ್ತವೆ. ಇಂಗ್ಲಿಷಿನ ಲಸ್ಟ್ ಹಿಂದೆ ಬರೀ ಸಂತೋಷ, ಇಚ್ಛೆ ಎಂಬ ಅರ್ಥದ ಪದ. ಜರ್ಮನಿನಲ್ಲಿ ಇಂದಿಗೂ ಅದಕ್ಕೆ ಆ ಅರ್ಥವಿದೆ. ಕನ್ನಡದ ಉಪದೇಶದಲ್ಲಿ ಮೋಹ ಎಂದರೆ ಬಿಡಬೇಕಾದ ವಸ್ತು. ಅದೇ ಸಂಸ್ಕೃತ ಪದದಿಂದ ಬಂದ ಕೊಂಕಣಿಯ ಮೋಗ್ ನಮ್ಮ ಮನೆಗಳಲ್ಲಿ ತಾಯಿಯ ಪ್ರೀತಿ, ದೇವರ ಪ್ರೀತಿ. ಶ್ರೀರಂಗಪಟ್ಟಣದಲ್ಲಿ ಉಳಿದಿದ್ದ ಕೊಂಕಣಿ ಕ್ರೈಸ್ತರ ಬಾಯಲ್ಲಿ ದೊಡ್ಡಸ್ವಾಮಿಗಳ ಕಿವಿಗೂ ಈ ಪದ ಬಿದ್ದಿರಲೇಬೇಕು.

ದುಬುವಾ ಪೂರ್ತಿ ತಪ್ಪಿದ್ದರು ಎಂದರೂ ಸರಿಯಾಗದು. ದೇವದಾಸಿ ಪದ್ಧತಿಯಲ್ಲಿ ಹೆಣ್ಣುಮಕ್ಕಳ ಶೋಷಣೆ ಇದ್ದದ್ದು ನಿಜ. 1909ರಲ್ಲಿ ಮೈಸೂರು ಸರಕಾರವೇ ಮುಜರಾಯಿ ದೇವಸ್ಥಾನಗಳಲ್ಲಿ ಅವರ ಸೇವೆಯನ್ನು ನಿಲ್ಲಿಸಿತು, ಆ ಪ್ರಕರಣದಲ್ಲಿ ನಂಜನಗೂಡಿನ ಹೆಸರೂ ಇದೆ. 1982ರಲ್ಲಿ ಕರ್ನಾಟಕ ಇಡೀ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿತು. ಆದರೆ ಆ ಹೆಂಗಸರ ಮೇಲೆ ಕಾಮದ ಆರೋಪ ಹೊರಿಸಿದ ದುಬುವಾ, ಅವರ ಬಳಿಗೆ ಹೋಗುತ್ತಿದ್ದ ಗಂಡಸರನ್ನು ಅಷ್ಟು ಹೊತ್ತು ನಿಲ್ಲಿಸಿ ಕೇಳಲಿಲ್ಲ.

ವಿಚಿತ್ರವೆಂದರೆ ಗುಡಿಯಿಂದ ಬೀದಿಗೆ ಬಂದ ಕೂಡಲೇ ಇದೇ ಲೇಖಕರ ಧ್ವನಿ ಬದಲಾಗುತ್ತದೆ. ಈ ದೇಶದ ಹೆಂಗಸು ಎಂಥ ಜನಜಂಗುಳಿಯಲ್ಲೂ ಒಬ್ಬಳೇ ನಿರ್ಭಯವಾಗಿ ನಡೆದುಹೋಗಬಹುದು, ಕೆಟ್ಟ ನೋಟವಾಗಲಿ ಕುಹಕದ ಮಾತಾಗಲಿ ಅವಳನ್ನು ತಾಗುವುದಿಲ್ಲ ಎಂದು ಬರೆಯುತ್ತಾರೆ. ಹೆಂಗಸರೇ ಇರುವ ಮನೆಯನ್ನು ಎಂಥ ಲಂಪಟನೂ ಮೀರಿ ಪ್ರವೇಶಿಸುವುದಿಲ್ಲವಂತೆ. ಸಾರ್ವಜನಿಕವಾಗಿ ಗಂಡಹೆಂಡತಿ ತೋಳು ಹಿಡಿದು ನಡೆಯುವ ಯುರೋಪಿನ ರೂಢಿ ಇಲ್ಲಿನವರಿಗೆ ನಾಚಿಕೆಗೇಡು ಎನ್ನುತ್ತಾರೆ. ದೇವದಾಸಿಯರ ಉಡುಪೂ ಯುರೋಪಿನ ವೇಶ್ಯೆಯರದಕ್ಕಿಂತ ಮರ್ಯಾದೆಯದು ಎಂದು ಒಪ್ಪಿಕೊಳ್ಳುತ್ತಾರೆ. ಬೀದಿಯ ಕುರಿತ ಚಿತ್ರವೂ ಸ್ವಲ್ಪ ಚೆಂದವಾಗಿಯೇ ಬಂದಿದೆ, ಎಲ್ಲ ಹೆಂಗಸರ ಅನುಭವ ಹಾಗಿದ್ದಿರಲಾರದು. ಆದರೂ ಕಾಮವೇ ಧರ್ಮವಾಗಿದ್ದ ಜನ ಇಷ್ಟು ಸಂಯಮದಿಂದ ಹೇಗಿದ್ದರು ಎಂಬ ಪ್ರಶ್ನೆ ಅವರದೇ ಪುಟಗಳಿಂದ ಏಳುತ್ತದೆ. ಅದಕ್ಕೆ ಅವರು ಉತ್ತರ ಹುಡುಕಲಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಗ್ರಂಥದ ಬಹುಭಾಗ ದುಬುವಾ ಅವರದೇ ಅಲ್ಲ. ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಅದರ ಆಧಾರ ಯೇಸುಸಭೆಯ ಫಾದರ್ ಕೂರ್ದು ಅವರ ಹಸ್ತಪ್ರತಿ. ತೆಲುಗು ಸೀಮೆಯಲ್ಲಿ ಮತ್ತು ಪುದುಚೇರಿಯಲ್ಲಿ ಬಾಳಿದ ಕೂರ್ದು 1779ರಲ್ಲಿ ತೀರಿಕೊಂಡವರು. ಒಂದು ಕಾಲದ, ಒಂದು ಸೀಮೆಯ ಟಿಪ್ಪಣಿ ಇನ್ನೊಂದು ಕಾಲದ, ಇನ್ನೊಂದು ಸೀಮೆಯ ಕಣ್ಣಾರೆ ಕಂಡ ಸಾಕ್ಷಿಯಾಗಿ ಮಾರಾಟವಾಯಿತು. ಲಸಿಕೆ ಹಾಕಿಸಿದ, ಸಾತಳ್ಳಿ ಕಟ್ಟಿದ ಮನುಷ್ಯ ಇದನ್ನೂ ಮಾಡಿದರು ಎಂಬುದು ನಮಗೆ ಬೇಸರದ ಸಂಗತಿ.

ಮಕ್ಕಳಿಗಾಗಿ ಹರಕೆ ಹೊರುವುದು ನಂಜನಗೂಡಿನಲ್ಲಿ ಮಾತ್ರವಲ್ಲ ಎಂಬುದನ್ನು ಅತ್ತೂರಿನ ಸಂತ ಲಾರೆನ್ಸರ ಜಾತ್ರೆಯಲ್ಲಿ, ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರದಲ್ಲಿ ಸೇವೆ ಮಾಡುವ ನಮ್ಮವರು ಬಲ್ಲರು. ಮೇಣದ ಬತ್ತಿ ಹಿಡಿದು ಕಣ್ಣೀರಿಡುವ ಆ ದಂಪತಿಗಳಲ್ಲಿ ಹಿಂದೂಗಳೂ ಇರುತ್ತಾರೆ.

ದುಬುವಾ 1823ರ ಜನವರಿಯಲ್ಲಿ ಭಾರತ ಬಿಟ್ಟರು. ಹಿಂದೂಗಳು ಕ್ರೈಸ್ತರಾಗುವ ನಿರೀಕ್ಷೆ ತಮಗಿಲ್ಲವೆಂದು ಅದೇ ವರ್ಷ ಪತ್ರಗಳ ರೂಪದ ಪುಸ್ತಕದಲ್ಲಿ ಸಾರಿದರು. ಈ ದೇಶದ ಭಾಷೆಗಳಿಗೆ ಅವಸರದಿಂದ ಬೈಬಲ್ ಅನುವಾದಿಸುವವರನ್ನೂ ಅಲ್ಲಿ ತರಾಟೆಗೆ ತೆಗೆದುಕೊಂಡಿದ್ದಾರೆ. ಭಾಷೆಯ ಒಳಹೊರಗು ತಿಳಿಯದೆ ಅನುವಾದಿಸಿದರೆ ಶಾಸ್ತ್ರ ನಗೆಪಾಟಲಾಗುತ್ತದೆ ಎಂಬುದು ಅವರ ವಾದ, ನಾವು ಒಪ್ಪುವ ವಾದ. ಪ್ಯಾರಿಸಿನಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದರು. 1836ರಿಂದ 1839ರವರೆಗೆ ತಮ್ಮ ಮಿಷನ್ ಸಂಸ್ಥೆಯ ಸೆಮಿನರಿಗೆ ಮುಖ್ಯಸ್ಥರಾಗಿದ್ದು, 1848ರ ಫೆಬ್ರುವರಿ 17ರಂದು ಅಲ್ಲಿಯೇ ತೀರಿಕೊಂಡರು. ಮೈಸೂರಿಗೆ ಮರಳಲೇ ಇಲ್ಲ. ಅವರು ತಿದ್ದಿ ಕಳುಹಿಸಿದ್ದ ಹಸ್ತಪ್ರತಿಯಿಂದ ಬೋಷಾಂ ಎಂಬವರು ಹೊಸ ಇಂಗ್ಲಿಷ್ ಅನುವಾದ ಮಾಡಿದರು. ಅದು 1897ರಲ್ಲಿ ಹೊರಬಂತು, ಇಂದು ಹೆಚ್ಚಿನವರು ಓದುವುದು ಅದನ್ನೇ. ನಂಜನಗೂಡಿನ ಆ ಪುಟ ಅದರಲ್ಲೂ ಇದೆ.