ಜೇಮ್ಸ್ ಹಾರ್ನೆಲ್

ಜೇಮ್ಸ್ ಹಾರ್ನೆಲ್ (೧೮೬೫–೧೯೪೯) ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞರು, ಕಡಲ ಜನಜೀವನದ ಅಧ್ಯಯನಕಾರರು ಹಾಗೂ ಮದರಾಸು ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ನಿರ್ದೇಶಕರು. ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದುದರಿಂದ ಇಲ್ಲಿನ ಕಡಲೂ ಅವರ ಕಾರ್ಯಕ್ಷೇತ್ರದೊಳಗಿತ್ತು. ಪಶ್ಚಿಮ ಕರಾವಳಿಯ ಬೂತಾಯಿ ಮೀನಿನ ಜೀವನಕ್ರಮವನ್ನು ವೈಜ್ಞಾನಿಕವಾಗಿ ಪರಿಶೀಲಿಸಿದ ಮೊದಲಿಗರಲ್ಲಿ ಅವರೊಬ್ಬರು. ಭಾರತದಲ್ಲಿ ಸಿಂಪಿ ಕೃಷಿಯ ಪ್ರಯೋಗಗಳಿಗೂ ಅವರು ನಾಂದಿ ಹಾಡಿದರು.

ಆರಂಭದ ದಿನಗಳು

೧೮೯೦ರ ದಶಕದಲ್ಲಿ ಹಾರ್ನೆಲ್ ಅವರು ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದಲ್ಲಿ ಜೋಸೆಫ್ ಸಿನೆಲ್ ಅವರೊಡಗೂಡಿ ಕಡಲಜೀವಿಗಳ ಅಧ್ಯಯನ ಕೇಂದ್ರವೊಂದನ್ನು ನಡೆಸಿದರು. ೧೯೦೨ರಲ್ಲಿ ಪ್ರೊಫೆಸರ್ ಡಬ್ಲ್ಯು. ಎ. ಹರ್ಡ್‌ಮನ್ ಅವರೊಂದಿಗೆ ಸಿಂಹಳಕ್ಕೆ ಬಂದರು. ಮನ್ನಾರ್ ಕೊಲ್ಲಿಯ ಮುತ್ತಿನ ಸಿಂಪಿಗಳು ವರ್ಷಗಟ್ಟಲೆ ಕಾಣೆಯಾಗುತ್ತಿದ್ದುದಕ್ಕೆ ಕಾರಣ ಹುಡುಕುವುದು ಅವರ ಉದ್ದೇಶವಾಗಿತ್ತು. ಈ ಸಂಶೋಧನೆಯ ವರದಿಯನ್ನು ಲಂಡನ್ನಿನ ರಾಯಲ್ ಸೊಸೈಟಿ ೧೯೦೩ರಿಂದ ೧೯೦೬ರವರೆಗೆ ಐದು ಭಾಗಗಳಲ್ಲಿ ಪ್ರಕಟಿಸಿತು. ಪರೋಪಜೀವಿ ಹುಳುವಿನ ಮರಿಗಳಿಂದ ಮುತ್ತು ಹುಟ್ಟುತ್ತದೆ ಎಂಬ ಅವರ ಅಂದಿನ ನಿರ್ಣಯವನ್ನು ಮುಂದಿನ ವಿಜ್ಞಾನಿಗಳು ಒಪ್ಪಲಿಲ್ಲ.

ಮದರಾಸು ಪ್ರಾಂತ್ಯದ ಸೇವೆ

ಸರ್ ಫ್ರೆಡರಿಕ್ ನಿಕೋಲ್ಸನ್ ಅವರು ಕಟ್ಟಿದ ಮದರಾಸು ಮೀನುಗಾರಿಕೆ ಇಲಾಖೆಯನ್ನು ಹಾರ್ನೆಲ್ ಅವರು ೧೯೦೮ರ ಸುಮಾರಿಗೆ ಸೇರಿದರು. ನಿಕೋಲ್ಸನ್ ಅವರ ನಂತರ ಅದರ ನಿರ್ದೇಶಕರಾಗಿ ೧೯೨೪ರಲ್ಲಿ ನಿವೃತ್ತರಾದರು. ೧೯೦೮ರಲ್ಲಿ ಮಲಬಾರ್ ಕರಾವಳಿ ಮತ್ತು ಲಕ್ಷದ್ವೀಪಗಳ ಸುತ್ತ ಸಮೀಕ್ಷಾ ಯಾನ ಕೈಗೊಂಡರು. ೧೯೧೦ರಲ್ಲಿ ಫ್ರಾನ್ಸಿನ ಅರ್ಕಶಾನ್ ಎಂಬಲ್ಲಿನ ಸಿಂಪಿ ಕೃಷಿಯಿಂದ ಭಾರತ ಕಲಿಯಬೇಕಾದುದನ್ನು ವಿವರಿಸುವ ವರದಿ ಬರೆದರು. ಪುಲಿಕಾಟ್ ಸರೋವರವು ಆ ಕೃಷಿಗೆ ತಕ್ಕುದೇ ಎಂಬುದನ್ನೂ ಪರಿಶೀಲಿಸಿದರು. ಕಡಲಿನಿಂದ ಹಿಡಿದು ತರುವುದಷ್ಟೇ ಅಲ್ಲ, ಹೊಲದಲ್ಲಿ ಬೆಳೆದಂತೆ ನೀರಿನಲ್ಲಿಯೂ ಬೆಳೆಯಬಹುದೆಂಬುದು ಈ ಬರಹಗಳ ತಿರುಳು. ಕಲ್ಲಿಕೋಟೆಯ ವೆಸ್ಟ್ ಹಿಲ್‌ನಲ್ಲಿ ಕಡಲಜೀವಿ ಅಧ್ಯಯನ ಕೇಂದ್ರವು ಆರಂಭವಾದುದೂ ಅವರ ಅಧಿಕಾರಾವಧಿಯಲ್ಲಿಯೇ.

ಪಶ್ಚಿಮ ಕರಾವಳಿಯ ಅಧ್ಯಯನಗಳು

ಬೂತಾಯಿಯು ಕೆಲವು ವರ್ಷ ರಾಶಿರಾಶಿಯಾಗಿ ಬಲೆಗೆ ಬೀಳುತ್ತದೆ. ಕೆಲವು ವರ್ಷ ಹೆಸರಿಗೂ ಸಿಗುವುದಿಲ್ಲ. ಸಮೃದ್ಧಿಯ ವರ್ಷ ತಿಂದು, ಮಾರಿ ಉಳಿದ ಮೀನಿನಿಂದ ಎಣ್ಣೆ ತೆಗೆಯುತ್ತಿದ್ದರು; ಒಣಗಿಸಿದ ಮೀನು ತೋಟಗಳಿಗೆ ಗೊಬ್ಬರವಾಗುತ್ತಿತ್ತು. ನೇತ್ರಾವತಿಯಲ್ಲಿ ದೋಣಿಗಳು ಪಾಣೆಮಂಗಳೂರು, ಬಂಟ್ವಾಳಗಳವರೆಗೆ ಬರುತ್ತಿದ್ದ ಕಾಲದಲ್ಲಿ ಕಡಲ ಸುಗ್ಗಿಯೂ ಬರವೂ ಒಳನಾಡಿನ ಸಂತೆಗಳನ್ನು ತಟ್ಟದೆ ಇರುತ್ತಿರಲಿಲ್ಲ.

ಹಾರ್ನೆಲ್ ಅವರು ಎಂ. ರಾಮಸ್ವಾಮಿ ನಾಯುಡು ಅವರೊಡನೆ ೧೯೨೩ರಲ್ಲಿ ಬೂತಾಯಿಯ ಜೀವನಚರಿತ್ರೆಯನ್ನೂ ಮಲಬಾರ್ ಕರಾವಳಿಯ ಪ್ಲವಕಗಳನ್ನೂ ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳೇ ಈ ಮೀನಿನ ಮುಖ್ಯ ಆಹಾರ. ನೈಋತ್ಯ ಮುಂಗಾರಿನ ವೇಳೆ ಆಳದ ತಂಪು ನೀರು ಪೋಷಕಾಂಶಗಳೊಡನೆ ಮೇಲೇರಿದಾಗ ಅವು ಹುಲುಸಾಗಿ ಬೆಳೆಯುತ್ತವೆ. ಆದುದರಿಂದ ಬೂತಾಯಿಯ ಪ್ರಮಾಣವನ್ನು ಅರಿಯಬೇಕಾದರೆ ಬಲೆಯ ಜೊತೆಗೆ ನೀರನ್ನೂ ಪರೀಕ್ಷಿಸಬೇಕೆಂಬ ದಾರಿ ಈ ಅಧ್ಯಯನದಿಂದ ತೆರೆಯಿತು. ಇದಕ್ಕೂ ಮೊದಲು, ೧೯೧೭ರಲ್ಲಿ, ಮೀನುಗಳ ಸಾಮೂಹಿಕ ಮರಣಕ್ಕೆ ಏಕಕೋಶ ಜೀವಿಗಳ ಅತಿಯಾದ ವೃದ್ಧಿಯು ಕಾರಣವಾಗುವುದನ್ನು ಅವರು ವಿವರಿಸಿದ್ದರು.

ನಿವೃತ್ತಿಯ ನಂತರ

ನಿವೃತ್ತಿಯ ಬಳಿಕ ಹಾರ್ನೆಲ್ ಅವರು ಸೇಂಟ್ ಜಾರ್ಜ್ ಎಂಬ ಹಡಗಿನ ಪೆಸಿಫಿಕ್ ಸಂಶೋಧನಾ ಯಾನದಲ್ಲಿ ಭಾಗವಹಿಸಿದರು. ಮಾಲ್ಟಾ, ಪ್ಯಾಲೆಸ್ತೀನ್ ಮೊದಲಾದೆಡೆಗಳ ಮೀನುಗಾರಿಕೆಯ ಕುರಿತು ವರದಿಗಳನ್ನು ಸಲ್ಲಿಸಿದರು. ಎ. ಸಿ. ಹ್ಯಾಡನ್ ಅವರೊಡನೆ ರಚಿಸಿದ ಪೆಸಿಫಿಕ್ ದ್ವೀಪಗಳ ದೋಣಿಗಳ ಬೃಹತ್ ಗ್ರಂಥವು ೧೯೩೬ರಿಂದ ೧೯೩೮ರ ಅವಧಿಯಲ್ಲಿ ಮೂರು ಸಂಪುಟಗಳಲ್ಲಿಯೂ, ಜಲಸಾರಿಗೆಯ ಉಗಮವನ್ನು ಕುರಿತ ಗ್ರಂಥವು ೧೯೪೬ರಲ್ಲಿಯೂ ಹೊರಬಂದವು. ಅವರು ೧೯೪೯ರಲ್ಲಿ ನಿಧನರಾದರು.

ಪ್ರಭಾವ

ಹಾರ್ನೆಲ್ ಅವರ ಕಾಲದ ಸಿಂಪಿ ಕೃಷಿಯ ಪ್ರಯತ್ನಗಳು ದೊಡ್ಡ ಉದ್ಯಮವಾಗಿ ಬೆಳೆಯಲಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆಗಳು ಉಳಿದವು. ೧೯೪೦ರ ದಶಕದಲ್ಲಿ ಬೂತಾಯಿ ತೀರಾ ಕುಸಿದಾಗ ಮದರಾಸು ಸರಕಾರವು ಕೆಲವು ಬಲೆಗಳಿಗೆ ನಿರ್ಬಂಧ ವಿಧಿಸಿತು. ೧೯೪೭ರಲ್ಲಿ ಸ್ಥಾಪನೆಯಾದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಈ ಅಧ್ಯಯನಗಳನ್ನು ಮುಂದುವರಿಸಿತು. ಇದೇ ಸಂಸ್ಥೆ ೧೯೭೩ರಲ್ಲಿ ತೂತ್ತುಕುಡಿಯಲ್ಲಿ ಕೃಷಿಯ ಮುತ್ತನ್ನು ಪಡೆಯುವಲ್ಲಿ ಯಶಸ್ವಿಯಾಯಿತು. ಕಾರವಾರದಲ್ಲಿ ಕಡಲ ಪಂಜರದೊಳಗೆ ಮೀನು ಸಾಕುವ ಪ್ರಯೋಗಗಳನ್ನೂ ನಡೆಸಿದೆ. ೧೯೬೯ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಆರಂಭವಾಯಿತು.

೨೦೧೨ರ ನಂತರ ನೆರೆಯ ಕೇರಳದಲ್ಲಿ ಬೂತಾಯಿ ಮತ್ತೆ ಕುಸಿಯಿತು. ಮಿತಿಮೀರಿದ ಹಿಡಿತದೊಂದಿಗೆ ಎಲ್ ನಿನೋ ಹಾಗೂ ಕಡಲಿನ ಬಿಸಿಯೇರಿಕೆಯ ಪಾತ್ರವನ್ನೂ ವಿಜ್ಞಾನಿಗಳು ಪರಿಶೀಲಿಸುತ್ತಿದ್ದಾರೆ. ಬಲೆಯ ತಪ್ಪೆಷ್ಟು, ಕಡಲಿನ ಬದಲಾವಣೆ ಎಷ್ಟು ಎಂದು ಬೇರ್ಪಡಿಸದೆ ಹೇರುವ ನಿರ್ಬಂಧದ ಭಾರ ಮೊದಲು ಬೀಳುವುದು ಬಡ ಮೀನುಗಾರರ ಮೇಲೆಯೇ. ಈ ವಿಂಗಡಣೆಗೆ ಬೇಕಾದ ದೀರ್ಘಕಾಲದ ದಾಖಲೆಗಳ ಪರಂಪರೆಯ ಆರಂಭದಲ್ಲಿ ಹಾರ್ನೆಲ್ ಅವರ ವರದಿಗಳಿವೆ.