ಪದವಿ ಬಾರದ ಪ್ರಬಂಧ

ಗರುಡಾಚಾರ್‌ಪಾಳ್ಯದ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಗಾಳಿಯ ಪಾಠ ಮಾಡುವಾಗ, ಪೀಠಿಕೆಗೆ ನಾನು ಹವಾಮಾನ ವಿಜ್ಞಾನಿ ಅನ್ನಾ ಮಣಿಯವರ ಜೀವನವನ್ನು ಆರಿಸಿಕೊಂಡೆ. ಗಾಳಿಯ ವೇಗ ಅಳೆಯುವ ಉಪಕರಣಗಳನ್ನು ತಯಾರಿಸಲು ಬೆಂಗಳೂರಿನಲ್ಲೇ ಚಿಕ್ಕದೊಂದು ಕಾರ್ಯಾಗಾರ ನಡೆಸಿದವರು ಅವರು.

ಹುಟ್ಟಿದ್ದು 1918ರಲ್ಲಿ, ತಿರುವಾಂಕೂರಿನ ಪೀರುಮೇಡಿನಲ್ಲಿ. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರೆ ಬೇಡವೆಂದು, ವಿಶ್ವಕೋಶದ ಸಂಪುಟಗಳನ್ನು ಕೇಳಿದರು. ಮದರಾಸಿನಲ್ಲಿ ಭೌತಶಾಸ್ತ್ರ ಆನರ್ಸ್ ಮುಗಿಸಿ, 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ ಬಂದರು. ಅಲ್ಲೂ ಕೈಗೆ ಸಿಕ್ಕಿದ್ದು ವಜ್ರಗಳೇ! ಮೂವತ್ತಕ್ಕೂ ಹೆಚ್ಚು ವಜ್ರಗಳು ಹೊಮ್ಮಿಸುವ, ಹೀರುವ ಬೆಳಕನ್ನು ಅಳೆದರು. ಒಂದು ಛಾಯಾಫಲಕಕ್ಕೆ ಹದಿನೈದಿಪ್ಪತ್ತು ಗಂಟೆ ಬೆಳಕು ಬೀಳಬೇಕಿತ್ತು. ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಕಳೆದವು. 1942ರಿಂದ 1945ರೊಳಗೆ ಐದು ಸಂಶೋಧನಾ ಲೇಖನ ಪ್ರಕಟವಾದವು, ಎಲ್ಲಕ್ಕೂ ಅವರೊಬ್ಬರದೇ ಹೆಸರು. 1945ರ ಆಗಸ್ಟ್‌ನಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ.

ಇಲ್ಲಿಗೆ ಬಂದಾಗ ಹುಡುಗಿಯೊಬ್ಬಳು, ಹಾಗಾದರೆ ಅವರು ಅಳೆದದ್ದು ತಪ್ಪಾಗಿತ್ತೇ ಎಂದು ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ಕಪ್ಪುಹಲಗೆಯ ಒಂದು ಬದಿಗೆ ಅಳತೆಗಳನ್ನು, ಇನ್ನೊಂದು ಬದಿಗೆ ವಿಶ್ವವಿದ್ಯಾಲಯದ ನಿಯಮವನ್ನು ಬರೆದು, ಒಂದು ಇನ್ನೊಂದನ್ನು ಅಳಿಸುತ್ತದೆಯೇ ಎಂದು ತರಗತಿಗೇ ಕೇಳಿದೆ. ಪೀಠಿಕೆಯ ಐದು ನಿಮಿಷ ಹದಿನೈದಾಯಿತು. ಸಾಧನೆಗಳ ಪಟ್ಟಿ ಓದಿಸುವುದಕ್ಕಿಂತ ಅದು ಒಳ್ಳೆಯ ವಿಜ್ಞಾನದ ಪಾಠವೆಂದೇ ನನ್ನ ಎಣಿಕೆ. ಪದವಿಯ ಅರ್ಹತೆಯ ಲೆಕ್ಕದಲ್ಲೇ ಮುಳುಗಿರುವ ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೂ ಆ ಪ್ರಶ್ನೆ ಸಲ್ಲುತ್ತದೆ.

ಸಂಶೋಧನೆ ಮುಂದುವರಿಸಲು ಇಂಗ್ಲೆಂಡಿಗೆ ಹೋದ ಅವರಿಗೆ ದೊರೆತದ್ದು ಹವಾಮಾನ ಉಪಕರಣಗಳ ತರಬೇತಿ ಮಾತ್ರ. ಭೌತಶಾಸ್ತ್ರದಿಂದ ಗಾಳಿ ಬಿಸಿಲುಗಳ ಕಡೆಗೆ ತಿರುಗಿದ್ದು ಹಾಗೆ. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ದೇಶದಲ್ಲೇ ತಯಾರಿಸಲು ದಾರಿ ಮಾಡಿದರು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೌರವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. 1980, 1981ರಲ್ಲಿ ಬಂದ ಅವರ ಸೌರವಿಕಿರಣದ ಗ್ರಂಥಗಳು ಸೌರಶಕ್ತಿಯ ಎಂಜಿನಿಯರುಗಳಿಗೆ ಕೈಪಿಡಿಯಾದವು. 2001ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಆ ಪ್ರಬಂಧವನ್ನು ರಟ್ಟು ಕಟ್ಟಿಸಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಯಿತು, ಪದವಿ ಬಂದ ಪ್ರಬಂಧಗಳ ಸಾಲಿನಲ್ಲೇ. ನೋಡಿದವರಿಗೆ ವ್ಯತ್ಯಾಸ ತಿಳಿಯದು.