ಎಡಿಸನ್ನರ ದೀಪ, ತಂತಿಯ ಅಂಗಿ

ಮಕ್ಕಳೇ, ಹಬ್ಬದ ದಿನ ಮನೆಯ ಹೊರಗೋಡೆಯ ಮೇಲೆ ಸೀರಿಯಲ್ ಸೆಟ್ ಮಿನುಗುವುದನ್ನು ನೀವು ನೋಡಿರುತ್ತೀರಿ. ಬಲ್ಬುಗಳನ್ನು ಎಲ್ಲರೂ ನೋಡುತ್ತಾರೆ, ತಂತಿಯನ್ನು ಯಾರೂ ಗಮನಿಸುವುದಿಲ್ಲ. ಆದರೆ ತಂತಿಯ ಹೊದಿಕೆ ಕೆಟ್ಟರೆ ಅಪಾಯ ಖಂಡಿತ. ಈ ಪಾಠವನ್ನು ಕಷ್ಟಪಟ್ಟು ಕಲಿತವರು ಥಾಮಸ್ ಆಲ್ವಾ ಎಡಿಸನ್.

ಎಡಿಸನ್ 1847ರ ಫೆಬ್ರವರಿ 11ರಂದು ಅಮೆರಿಕದ ಮಿಲಾನ್ ಎಂಬ ಊರಿನಲ್ಲಿ ಜನಿಸಿದರು. ಶಾಲೆಗೆ ಹೋದದ್ದು ಕೆಲವೇ ತಿಂಗಳು. ಶಿಕ್ಷಕಿಯಾಗಿದ್ದ ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ಹನ್ನೆರಡರ ವಯಸ್ಸಿನಲ್ಲಿ ರೈಲಿನಲ್ಲಿ ಪತ್ರಿಕೆ ಮಾರುತ್ತಾ, ಅದೇ ರೈಲಿನ ಡಬ್ಬಿಯೊಂದರಲ್ಲಿ ಪ್ರಯೋಗ ಮಾಡುತ್ತಿದ್ದರು. ಚಿಕ್ಕಂದಿನಲ್ಲೇ ಕಿವಿ ಮಂದವಾದರೂ ಧೈರ್ಯಗೆಡಲಿಲ್ಲ.

1876ರಲ್ಲಿ ಅವರು ಮೆನ್ಲೊ ಪಾರ್ಕ್‌ನಲ್ಲಿ ಪ್ರಯೋಗಾಲಯ ಕಟ್ಟಿದರು. ವಿದ್ಯುತ್ ದೀಪಕ್ಕಾಗಿ ಇಂಗ್ಲೆಂಡಿನ ಜೋಸೆಫ್ ಸ್ವಾನ್ ಮುಂತಾದವರೂ ದುಡಿಯುತ್ತಿದ್ದರು. 1879ರ ಅಕ್ಟೋಬರಿನಲ್ಲಿ ಎಡಿಸನ್ನರ ತಂಡ ಹತ್ತಿಯ ನೂಲನ್ನು ಸುಟ್ಟು ಇಂಗಾಲವಾಗಿಸಿ, ಗಾಳಿ ತೆಗೆದ ಗಾಜಿನ ಬುರುಡೆಯೊಳಗಿಟ್ಟಿತು. ಗಾಳಿಯಿಲ್ಲದ್ದರಿಂದ ನೂಲು ಉರಿದುಹೋಗದೆ ಗಂಟೆಗಟ್ಟಲೆ ಬೆಳಗಿತು. ಅದೇ ಡಿಸೆಂಬರ್ 31ರಂದು ಆ ದೀಪಗಳನ್ನು ನೋಡಲು ಜನ ನೆರೆದರು.

ದೀಪವೇನೋ ಸಿದ್ಧವಾಯಿತು. ಆದರೆ 1880ರಲ್ಲಿ ನೆಲದಡಿ ಹೂತ ತಂತಿಗಳಿಂದ ವಿದ್ಯುತ್ತು ತೇವದ ಮಣ್ಣಿಗೆ ಸೋರತೊಡಗಿತು! ಏನು ಮಾಡುವುದು? ತಂತಿಗಳನ್ನು ಅಗೆದು ತೆಗೆದರು. ಹಲವು ಮಿಶ್ರಣಗಳನ್ನು ಪರೀಕ್ಷಿಸಿ, ಡಾಂಬರಿನಂಥ ವಸ್ತು ಮತ್ತು ಅಗಸೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಸುತ್ತಿದರು. ಸೋರಿಕೆ ಹತೋಟಿಗೆ ಬಂತು. ವಿದ್ಯುತ್ತನ್ನು ಹೀಗೆ ತಡೆಯುವ ವಸ್ತುವೇ ಅವಾಹಕ.

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ಅವರ ವಿದ್ಯುತ್ ಕೇಂದ್ರ ಆರಂಭವಾಯಿತು. ಆಗ ಕ್ರಿಸ್‌ಮಸ್ ಮರಗಳಿಗೆ ಮೇಣದಬತ್ತಿ ಹಚ್ಚುತ್ತಿದ್ದರು. ಬೆಂಕಿಯ ಭಯ ತಪ್ಪಿದ್ದಲ್ಲ. ಆ ಡಿಸೆಂಬರಿನಲ್ಲಿ ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಮರಕ್ಕೆ 80 ಪುಟ್ಟ ಬಣ್ಣದ ಬಲ್ಬುಗಳನ್ನು ಕಟ್ಟಿದರು. ಹಬ್ಬದ ವಿದ್ಯುತ್ ದೀಪಗಳ ಕಥೆ ಶುರುವಾದದ್ದು ಹೀಗೆ. ಎಡಿಸನ್ 1931ರ ಅಕ್ಟೋಬರ್ 18ರಂದು ನಿಧನರಾದರು.

ಈಗ ನಿಮ್ಮ ಮನೆಯ ಗೋಡೆ ನೋಡಿ. ಇಟ್ಟಿಗೆ, ಕಾಂಕ್ರೀಟಿನೊಳಗೆ ಮೊಳೆ ಸಲೀಸಾಗಿ ಇಳಿಯದು. ಹೊಡೆಯುವಾಗ ಜಾರಿ ತಂತಿಗೆ ತಗುಲಿದರೆ ಹೊದಿಕೆ ಹರಿಯುತ್ತದೆ. ಅಲ್ಲಿ ಮಳೆನೀರು ಸೇರಿದರೆ ಗೋಡೆ ಮುಟ್ಟಿದವರಿಗೂ ಶಾಕ್ ಹೊಡೆಯಬಹುದು. ಆದ್ದರಿಂದ ದೊಡ್ಡವರು ಮೊದಲು ಗೋಡೆಗೆ ಕೊಕ್ಕೆ ಕೂರಿಸಲಿ, ಆಮೇಲೆ ತಂತಿಯನ್ನು ಅದಕ್ಕೆ ತೂಗುಹಾಕಲಿ. ತಂತಿಯ ಮೇಲೆ ಮೊಳೆ ಹೊಡೆಯುವುದು ಬೇಡ. ಹೊರಾಂಗಣಕ್ಕೆಂದೇ ಮಾಡಿದ ದೀಪಗಳನ್ನೇ ಬಳಸಬೇಕು. ನೀವು ಮಾತ್ರ ತಂತಿ, ಪ್ಲಗ್ಗು ಮುಟ್ಟಬೇಡಿ. ತಂತಿಯ ಅಂಗಿ ಎಲ್ಲಾದರೂ ಹರಿದಿದೆಯೇ ಎಂದು ದೂರದಿಂದಲೇ ನೋಡಿ, ಕಂಡರೆ ಮನೆಯವರಿಗೆ ಹೇಳುತ್ತೀರಲ್ಲವೇ?